ಮೆರವಣಿಗೆ ನೋಡದವರ ಫೋಟೊ

ಹಳೇ ಫೋಟೊ ಇದ್ದರೆ ಕೊಡಿ ಎಂದು ಒಂದು ಬೀದಿಯಲ್ಲಿ ಬಾಯಿಬಿಟ್ಟವನಿಗೆ ಆಮೇಲೆ ದಿನಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ತರಕಾರಿಗೆ ಹೋದರೆ ತರಕಾರಿಯವಳು ಸೊಪ್ಪಿನ ಬುಟ್ಟಿಯ ಅಡಿಯಿಂದ ತಂಗಿಯ ಸೀಮಂತದ ಫೋಟೊ ಹೊರಗೆ ತೆಗೆಯುತ್ತಾಳೆ. ಗಡ್ಡಕ್ಕೆ ಕೂತರೆ ಒಂದು ಕೆನ್ನೆ ಮುಗಿಸಿದವರು ಇನ್ನೊಂದನ್ನು ಹಾಗೇ ಬಿಟ್ಟು ಅಜ್ಜನ ಫೋಟೊ ಹುಡುಕಲು ಮನೆಗೆ ಹೋಗುತ್ತಾರೆ. ನೊರೆ ಒಣಗುವವರೆಗೂ ನಾನು ಕನ್ನಡಿ ನೋಡುತ್ತಾ ಕೂತಿರಬೇಕು.

ನಾನು ಹೊಸದುರ್ಗದ ಕಡೆ ಡ್ರಾಯಿಂಗ್ ಮಾಸ್ತರಾಗಿದ್ದವನು. ರಿಟೈರಾದ ಮೇಲೆ ಚಿತ್ರದುರ್ಗದ ಒಂದು ಹಳೇ ಬೀದಿಗೆ ಬಾಡಿಗೆಗೆ ಬಂದೆ. ರಸ್ತೆ ಅಗಲ ಮಾಡುವಾಗ ಈ ಬೀದಿಯ ಜಗಲಿಗಳೆಲ್ಲ ಹೋದವಂತೆ, ಬೇವಿನ ಮರವೂ ಹೋಯಿತಂತೆ. ಅದು ಹೇಗಿತ್ತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೋಟೆಯ ಫೋಟೊ ಎಲ್ಲರ ಮನೆಯಲ್ಲೂ ಇದೆ, ಕೋಟೆಯ ಕೆಳಗಿರುವ ಈ ಬೀದಿಯದು ಯಾರ ಹತ್ತಿರವೂ ಇಲ್ಲ. ವಾಚನಾಲಯ ನೋಡಿಕೊಳ್ಳುವವರು, “ಒಂದು ಗೋಡೆ ಖಾಲಿ ಐತೆ ಮೇಷ್ಟ್ರೆ, ಫೋಟೊ ಸಿಕ್ರೆ ತಂದು ಹಾಕ್ರಿ” ಅಂದರು. ನನ್ನಂಥ ಕೆಲಸವಿಲ್ಲದವನಿಗೆ ಖಾಲಿ ಗೋಡೆ ತೋರಿಸಬಾರದು.

ಹಂಸಗಳಿರುವ ಬೀದಿ

ಮೊದಲ ವಾರವೇ ಚೀಲ ತುಂಬ ಫೋಟೊ ಬಂದವು. ಮನೆಗೆ ತಂದು ಹರಡಿ ನೋಡಿದರೆ ಒಂದರಲ್ಲೂ ಬೀದಿಯಿಲ್ಲ. ಎಲ್ಲವೂ ಸ್ಟುಡಿಯೊದಲ್ಲಿ ಪರದೆಯ ಮುಂದೆ ತೆಗೆಸಿದವು. ಒಬ್ಬರ ಹಿಂದೆ ಕಾರಂಜಿ, ಇನ್ನೊಬ್ಬರ ಹಿಂದೆ ಸರೋವರ, ಸರೋವರದಲ್ಲಿ ಎರಡು ಹಂಸ.

ಹಂಸದ ಫೋಟೊ ಕೊಟ್ಟಿದ್ದ ಅಜ್ಜಿಯ ಹತ್ತಿರ ಹೋಗಿ, “ಅಜ್ಜಿ, ನಾನು ಕೇಳಿದ್ದು ಈ ಬೀದಿಯ ಫೋಟೊ” ಅಂದೆ.

“ಇದು ಈ ಬೀದೀಲೇ ತೆಗ್ಸಿದ್ದು.”

“ಇಲ್ಲಿ ಸರೋವರ ಇದೆಯಲ್ಲ?”

“ಸ್ಟುಡಿಯೊ ಈ ಬೀದೀಲೇ ಇತ್ತಲ್ಲಪ್ಪ” ಅಂದರು ಅಜ್ಜಿ, ನನ್ನ ಬುದ್ಧಿಗೆ ಮರುಗಿ.

ಮತ್ತೊಬ್ಬರು ಭರಮಸಾಗರದ ಕೆರೆ ಏರಿಯ ಮೇಲೆ ಸಾಲಾಗಿ ನಿಂತ ಹತ್ತು ಜನರ ಫೋಟೊ ತಂದುಕೊಟ್ಟರು. ಇದರಲ್ಲಿ ನಮ್ಮ ಬೀದಿ ಎಲ್ಲಿ ಎಂದು ಕೇಳಿದೆ. “ಅಷ್ಟೂ ಜನ ನಮ್ಮ ಬೀದಿಯೋರೇ” ಅಂದರು.

ಕೊನೆಗೆ ಒಂದು ಮನೆಯಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಬೇರೆ ಬೇರೆ ಕಾಲದಲ್ಲಿ ಪರದೆಯಲ್ಲಿ ಬರೆದ ಒಂದೇ ಅರಮನೆಯ ಮೆಟ್ಟಿಲ ಮುಂದೆ ನಿಂತಿದ್ದ ಮೂರು ಫೋಟೊ ಸಿಕ್ಕವು. ಮನೆಯ ಯಜಮಾನರು ಅವನ್ನು ಪಕ್ಕಪಕ್ಕ ಇಟ್ಟು ನೋಡಿ, “ನಮ್ಮನೆ ಮೂರು ಸಲ ಕೆಡವಿ ಕಟ್ಟಿದ್ವಿ ಮೇಷ್ಟ್ರೆ. ಈ ಮೆಟ್ಲಿಗೆ ಮಾತ್ರ ಏನೂ ಆಗಿಲ್ಲ” ಅಂದರು.

ಗುರುತು

ಬೀದಿಯ ತಿರುವಿನಲ್ಲಿ ರವಿಕೆ ಹೊಲಿಯುವ ಒಬ್ಬ ಅಕ್ಕ ಇದ್ದಾರೆ. ಐವತ್ತೈದು ದಾಟಿದ ವಯಸ್ಸು. ಅವರ ಮುತ್ತಜ್ಜನ ಕಾಲಕ್ಕೂ ಹಿಂದಿನಿಂದ ಆ ಮನೆಯವರು ಇಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. ಹಿತ್ತಾಳೆ ಪಾತ್ರೆಯ ಒಳಗೆ ತವರ ಸವರಿ ಬೆಳ್ಳಗೆ ಮಾಡುವ ಆ ಕೆಲಸ ಅವರ ಅಪ್ಪನೊಂದಿಗೇ ಮುಗಿಯಿತು. ಎಲ್ಲರೂ ಫೋಟೊ ಕೊಡಲು ಬಂದರೆ ಈ ಅಕ್ಕ ಕೇಳಲು ಬಂದರು.

“ಮೇಷ್ಟ್ರೆ, ನಮ್ಮ ಅಬ್ಬಾದು ಒಂದೂ ಫೋಟೊ ಇಲ್ಲ. ಅವ್ರು ಹೋದಾಗ ನಂಗೆ ಆರೋ ಏಳೋ ವರ್ಷ. ಮುಖ ಬರ್ತಾ ಬರ್ತಾ ಅಳಿಸೇ ಹೋಗೈತೆ. ಒಂದ್ಸಲ ನೋಡ್ಬೇಕು.”

“ಫೋಟೊನೇ ತೆಗೆಸಿಲ್ಲ ಅಂದಮೇಲೆ ನಾನು ಎಲ್ಲಿಂದ ತರಲಿ ಅಕ್ಕಾ?”

“ಅವ್ರು ತೆಗ್ಸಿಲ್ಲ. ಆದ್ರೆ ಬೆಳಗಿಂದ ಸಂಜೇತನ್ಕ ಬೇವಿನ ಮರದ ಪಕ್ಕ ಜಗಲಿ ಮೇಲೆ ಕುಂತಿರ್ತಿದ್ರು. ಮದುವೆ ಮೆರವಣಿಗೆ ಎಲ್ಲಾ ಅವ್ರ ಮುಂದೇನೇ ಹೋಗ್ತಿದ್ವು. ಯಾರ್ದಾರ ಫೋಟೊದಾಗೆ ಹಿಂದ್ಗಡೆ ಬಿದ್ದಿರ್ತಾರೆ. ನೀವು ಮದುಮಗನ್ನ ನೋಡ್ಬೇಡ್ರಿ, ಹಿಂದೆ ನೋಡ್ರಿ.”

ಈ ಮಾತು ನನಗೆ ನಾಟಿತು. ಮೂವತ್ತು ವರ್ಷ ಮಕ್ಕಳಿಗೆ ಚಿತ್ರದ ಹಿನ್ನೆಲೆಯನ್ನೂ ನೋಡಿ ಎಂದು ಕಿರುಚಿದ್ದೆ. ಒಬ್ಬರೂ ಕೇಳಿರಲಿಲ್ಲ.

“ನೋಡುತ್ತೇನೆ. ಆದರೆ ಅಷ್ಟು ಜನರಲ್ಲಿ ಅವರನ್ನು ಗುರುತು ಹಿಡಿಯುವುದು ಹೇಗೆ?”

ಅಕ್ಕ ಸ್ವಲ್ಪ ಯೋಚಿಸಿ ಹೇಳಿದರು: “ಕೆಲಸದ ಮೇಲೆ ಕುಂತ್ರೆ ಅವ್ರು ತಲೆ ಎತ್ತೋರಲ್ಲ. ಮೆರವಣಿಗೆ ಯಾರು ನೋಡ್ತಿಲ್ವೋ, ಅವ್ರೇ ನಮ್ಮಬ್ಬಾ.”

ಆಲ್ಬಮ್ಮಿನ ತೂತುಗಳು

ಬೀದಿಯಲ್ಲಿ ಜೋರಾಗಿ ಮದುವೆ ಮಾಡಿಕೊಂಡವರು ಹಿಟ್ಟಿನ ಗಿರಣಿ ಯಜಮಾನರು ಎಂದು ಎಲ್ಲರೂ ಹೇಳಿದರು. ಐವತ್ತು ವರ್ಷದ ಹಿಂದೆ ತೆರೆದ ಜೀಪಿನಲ್ಲಿ ಬೆಳಗಿನ ಮೆರವಣಿಗೆಯಂತೆ. ಗಿರಣಿ ಬೀದಿಯಲ್ಲಿದ್ದರೂ ಮನೆ ಹಿಂದಿನ ಓಣಿಯಲ್ಲಿದೆ. ನಾನು ಹೋದಾಗ ಯಜಮಾನರು ಗಿರಣಿಯಲ್ಲಿದ್ದರು. ಸೊಸೆ ಆಲ್ಬಮ್ ತಂದು ಮುಂದಿಟ್ಟರು.

ತೆರೆದರೆ ಫೋಟೊಗಳ ತುಂಬ ತೂತು. ಸೆರಗು ಇದೆ, ಮುಖ ಇಲ್ಲ. ರುಮಾಲು ಇದೆ, ಕೆಳಗೆ ಮುಖವಿಲ್ಲ.

“ಇದೇನಮ್ಮಾ?”

“ಅದು ದೊಡ್ಡ ಮಾವ ಸಾರ್. ತೀರ್ಕಂಡಾಗ ಬೇರೆ ಫೋಟೊ ಸಿಗ್ಲಿಲ್ಲ, ಎನ್‌ಲಾರ್ಜ್ ಮಾಡ್ಸಾಕೆ ಕತ್ತರಿಸಿದ್ರು. ಈ ಕಡೆದು ಅಜ್ಜಿ. ಇದು ಸೋದರತ್ತೆ.”

ತಲೆಯೆತ್ತಿ ನೋಡಿದೆ. ಗೋಡೆಯ ಮೇಲೆ ಅಷ್ಟೂ ಮುಖಗಳು ಹಾರ ಹಾಕಿಕೊಂಡು ಸಾಲಾಗಿದ್ದವು. ಆಲ್ಬಮ್ಮಿನಲ್ಲಿ ಖಾಲಿಯಾದವರೆಲ್ಲ ಗೋಡೆಗೆ ಹೋಗಿದ್ದರು. ಪುಟ ತಿರುಗಿಸಿದರೆ ಮದುಮಗಳ ಮುಖವೇ ಇಲ್ಲ. ನಾನು ಆ ಹೆಂಗಸಿನ ಹೆಸರನ್ನೂ ಕೇಳಿದವನಲ್ಲ. ಆದರೂ ಹೇಳಬೇಕಾದ್ದನ್ನು ಹೇಳಬೇಕಲ್ಲ.

“ಪಾಪ, ಅತ್ತೆಯೂ ಹೋಗಿಬಿಟ್ಟರೇ. ಒಳ್ಳೆ ಹೆಂಗಸು.”

ಸೊಸೆ ಮುಖ ತಿರುಗಿಸಿಕೊಂಡರು. ದುಃಖಕ್ಕೆ ಅಂದುಕೊಂಡೆ. ಅಡುಗೆಮನೆಯಿಂದ ಎಪ್ಪತ್ತರ ಹೆಂಗಸೊಬ್ಬರು ಚಹಾ ಹಿಡಿದು ಬಂದು ನನ್ನ ಮುಂದಿಟ್ಟರು.

“ನಾನೇ ಅದು. ರೇಷನ್ ಕಾರ್ಡಿಗೆ ಅರ್ಜೆಂಟಾಗಿ ಫೋಟೊ ಬೇಕಿತ್ತು, ಕತ್ತರಿಸ್ಕಂಡೆ. ಕುಡೀರಿ ಮೇಷ್ಟ್ರೆ.”

ಚಹಾ ಒಂದೇ ಗುಟುಕಿಗೆ ಕುಡಿದೆ. ಮಾತು ಬದಲಿಸಲು ಮುಂದಿನ ಪುಟಕ್ಕೆ ಹೋದೆ. ಅದರಲ್ಲಿ ತೂತು ಕೂಡ ಇಲ್ಲ. ನಾಲ್ಕು ಮೂಲೆಗೆ ಅಂಟಿಸಿದ್ದ ಕಾಗದದ ಮೂಲೆಗಳು ಮಾತ್ರ ಇದ್ದವು.

“ಅಲ್ಲೇ ಮೆರವಣಿಗೆ ಫೋಟೊ ಇತ್ತು. ನಮ್ಮನೇರು ಕಿತ್ತು ಬಿಸಾಕಿದ್ರು. ಅದ್ರಾಗೆ ಕಣ್ಣು ಗಟ್ಟಿಯಾಗಿ ಮುಚ್ಕಂಡವ್ರೆ. ಮದುವೆಗೆ ಹೆದ್ರಿ ಕಣ್ಮುಚ್ಚಿದ ಅಂತ ಬೀದಿಯೋರೆಲ್ಲಾ ಆಡ್ಕಂಡ್ರು. ಈಗ್ಲೂ ಗಿರಣಿಗೆ ಬಂದೋರು ಆಡ್ಕಂತಾರೆ. ಹೊಳಲ್ಕೆರೆಗೆ ಕೊಟ್ಟಿರೋ ನಾದ್ನಿ ಅದ್ನ ಎತ್ತಿಟ್ಕಂಡ್ಳು ಅಂತ ಕೇಳಿದ್ದೆ.”

ನಾನು ಎದ್ದೆ. ಬಾಗಿಲವರೆಗೆ ಬಂದು ಆಕೆ ಮೆಲ್ಲಗೆ ಅಂದರು: “ಇನ್ನೊಂದ್ಸಲ ಬರ್ರಿ. ನಮ್ಮನೇರು ಇದ್ದಾಗ ಬಂದು, ಒಳ್ಳೆ ಹೆಂಗ್ಸು ಅಂದ್ರಲ್ಲ, ಅದ್ನ ಅವ್ರ ಮುಂದೆ ಒಂದ್ಸಲ ಹೇಳ್ರಿ.”

ಹೊಳಲ್ಕೆರೆಯ ಉಪ್ಪಿಟ್ಟು

ಮರುದಿನವೇ ಹೊಳಲ್ಕೆರೆ ಬಸ್ಸು ಹತ್ತಿದೆ. ಹೆಗಲಿಗೆ ಚೀಲ, ಚೀಲದಲ್ಲಿ ಬೇರೆ ಬೇರೆ ಮನೆಯವರ ಫೋಟೊ. ನಮ್ಮ ಕಡೆ ಇಂಥ ಚೀಲ ಹಾಕಿಕೊಂಡು ಊರೂರು ತಿರುಗುವವರು ಯಾರು ಎಂಬುದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಗಿರಣಿ ಯಜಮಾನರ ತಂಗಿಯ ಮನೆ ಬಾಗಿಲಲ್ಲಿ ಆಕೆಯ ಗಂಡನೇ ನಿಂತಿದ್ದರು. ನಾನು, “ದುರ್ಗದಿಂದ ಬಂದಿದ್ದೇನೆ. ನಿಮ್ಮ ಮನೆಯಲ್ಲಿ ಒಂದು ಫೋಟೊ ಇದೆಯಂತೆ, ನೋಡಬೇಕಿತ್ತು” ಅಂದೆ. ಅಷ್ಟೇ. “ಬರ್ರಿ, ಬರ್ರಿ, ಕುಂತ್ಕಳ್ರಿ” ಎಂದು ಜಮಖಾನ ಹಾಸಿದರು. ಫ್ಯಾನು ನನ್ನ ಕಡೆ ತಿರುಗಿತು. ಉಪ್ಪಿಟ್ಟು ಬಂತು, ಅದರ ಮೇಲೆ ಗೋಡಂಬಿ ಇತ್ತು. ಫೋಟೊ ಕೇಳಲು ಹೋದವನಿಗೆ ಅಲ್ಲಿಯವರೆಗೆ ಯಾರೂ ಗೋಡಂಬಿ ಹಾಕಿರಲಿಲ್ಲ. ಒಳಗಿನಿಂದ ಒಬ್ಬ ಹುಡುಗಿ ಇಸ್ತ್ರಿ ಸೀರೆಯುಟ್ಟು ನೀರು ತಂದಿಟ್ಟು, ನನ್ನನ್ನು ಕೊಲ್ಲುವ ಹಾಗೆ ನೋಡಿ ಹೋದಳು.

ಮನೆಯ ಯಜಮಾನರು ಗಂಟಲು ಸರಿಮಾಡಿಕೊಂಡು ಕೇಳಿದರು: “ನಿಮ್ಮ ಕಡೆಯೋರು ಏನ್ ಕೆಲ್ಸ ಮಾಡ್ತಾರೆ?”

ನನ್ನ ತಲೆಯ ತುಂಬ ಅಕ್ಕನ ಅಪ್ಪನೇ ಇದ್ದರು. “ಕಲಾಯಿ ಕೆಲಸ” ಅಂದೆ.

ಅವರು, “ಹೋಗ್ಲಿ ಬಿಡ್ರಿ, ಸ್ವಂತ ಕಸುಬು. ವಯಸ್ಸು?” ಅಂದರು.

“ಇದ್ದಿದ್ದರೆ ತೊಂಬತ್ತು ದಾಟುತ್ತಿತ್ತು. ತೀರಿಕೊಂಡು ಐವತ್ತು ವರ್ಷದ ಹತ್ತಿರ ಬಂತು.”

ಒಳಗಿದ್ದ ಹುಡುಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನಾನು ಗಂಡು ತೋರಿಸಲು ಬಂದ ಮದುವೆ ದಲ್ಲಾಳಿಯಲ್ಲ ಎಂದು ಎಲ್ಲ ಬಿಡಿಸಿ ಹೇಳಿದೆ. ಗಿರಣಿ ಯಜಮಾನರ ತಂಗಿ ಟ್ರಂಕಿನಿಂದ ಫೋಟೊ ತಂದುಕೊಟ್ಟು, “ಅಣ್ಣಂಗೆ ಹೇಳ್ಬೇಡ್ರಿ” ಅಂದರು. ಉಪ್ಪಿಟ್ಟು ಎರಡನೇ ಸಲವೂ ಬಂತು. ಈ ಸಲ ಗೋಡಂಬಿ ಇರಲಿಲ್ಲ.

ಗೋಡೆ

ಬಸ್ಸಿನಲ್ಲಿ ಕೂತು ಫೋಟೊ ನೋಡಿದೆ. ಮದುಮಗನನ್ನು ಬಿಟ್ಟು ಹಿಂದೆ ನೋಡಿದೆ. ಬೇವಿನ ಮರ, ಜಗಲಿಗಳ ಸಾಲು, ಜಗಲಿ ತುಂಬ ಜನ. ಎಲ್ಲರೂ ಜೀಪಿನ ಕಡೆ ನೋಡುತ್ತಿದ್ದಾರೆ. ಒಬ್ಬರು ನೋಡುತ್ತಿಲ್ಲ. ಕೂತಿದ್ದಾರೆ. ಆಗಷ್ಟೇ ಕಲಾಯಿ ಹಾಕಿದ ದೊಡ್ಡ ಹರಿವಾಣವನ್ನು ಎರಡೂ ಕೈಯಲ್ಲಿ ಬೀದಿಯ ಕಡೆಗೆ ಎತ್ತಿ ಹಿಡಿದು, ಅದರ ಹಿಂದೆ ಇದ್ದಾರೆ. ಟೋಪಿಯ ಅಂಚು ಕಾಣುತ್ತದೆ, ಕೈ ಕಾಣುತ್ತದೆ. ಮುಖ ಇರಬೇಕಾದ ಜಾಗದಲ್ಲಿ ಹರಿವಾಣ.

ನನಗೆ ನಿಜವಾಗಿಯೂ ಬೇಜಾರಾಯಿತು. ಅಕ್ಕನಿಗೆ ಏನು ಹೇಳುವುದು ಎಂದು ಎರಡು ದಿನ ಆ ತಿರುವಿನ ಕಡೆಗೇ ಹೋಗಲಿಲ್ಲ. ಫೋಟೊ ದೊಡ್ಡದು ಮಾಡಿಸಿ ವಾಚನಾಲಯದ ಗೋಡೆಗೆ ಹಾಕಿದ ಬೆಳಿಗ್ಗೆ ಅವರೇ ಬಂದರು. ನಾನು ಮೊದಲೇ, “ಮುಖ ಕಾಣಿಸುವುದಿಲ್ಲ ಅಕ್ಕಾ” ಅಂದುಬಿಟ್ಟೆ.

ಅವರು ಕನ್ನಡಕ ಒರೆಸಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಬೆರಳನ್ನು ಫೋಟೊದ ಹತ್ತಿರ ಒಯ್ದು, ಮುಟ್ಟದೆ, “ಎಡಗೈ ಹೆಬ್ಬೆರಳು ಸುಟ್ಟು ಹಿಂಗೇ ಸೊಟ್ಟಗಿತ್ತು. ಈ ಕೈ ಹಿಡ್ಕಂಡೇ ನಾನು ಸ್ಕೂಲಿಗೆ ಹೋಗ್ತಿದ್ದೆ” ಅಂದರು. ಕಣ್ಣು ತುಂಬಿತ್ತು. ಅದನ್ನು ಒರೆಸಿಕೊಂಡು ನಕ್ಕರು. “ಫೋಟೊ ತೆಗ್ಯೋನು ಬಂದ್ರೂ ಮುಖ ತೋರ್ಸಿಲ್ಲ ನೋಡ್ರಿ, ಕೆಲಸ ತೋರ್ಸ್ಯಾರೆ.”

ಅಷ್ಟರಲ್ಲಿ ಸುದ್ದಿ ಕೇಳಿ ಗಿರಣಿ ಯಜಮಾನರು ಮೈತುಂಬ ಹಿಟ್ಟು ಮೆತ್ತಿಕೊಂಡೇ ಬಂದರು. ಹಿಂದೆ ಅವರ ಹೆಂಡತಿ. “ಆ ದರಿದ್ರ ಫೋಟೊ ಯಾರು ತಂದೋರು? ಕೆಳಗಿಳಿಸ್ರಿ ಮೊದ್ಲು” ಅಂದರು.

ಫೋಟೊ ಇಳಿದರೆ ಅಕ್ಕನ ಅಪ್ಪನೂ ಇಳಿಯುತ್ತಾರೆ. ಅಕ್ಕ ಗೋಡೆಗೆ ಇನ್ನಷ್ಟು ಹತ್ತಿರ ನಿಂತರು. ನನಗೆ ಬೇರೆ ದಾರಿ ಹೊಳೆಯದೆ ಸ್ಕೇಲು ತೆಗೆದುಕೊಂಡು ಪಾಠಕ್ಕೆ ಇಳಿದೆ. “ಯಜಮಾನ್ರೇ, ನೆರಳು ನೋಡಿ. ಬಿಸಿಲು ಈ ಕಡೆಯಿಂದ ಬಂದಿದೆ. ಹರಿವಾಣಕ್ಕೆ ಬಡಿದಿದೆ. ಅಲ್ಲಿಂದ ನೇರವಾಗಿ ಎಲ್ಲಿಗೆ ಹೋಗಿದೆ?” ಸ್ಕೇಲು ಇಟ್ಟೆ. ಅದರ ತುದಿ ಮದುಮಗನ ಕಣ್ಣಿನ ಮೇಲೆ ನಿಂತಿತು. ಅಲ್ಲಿ ಬೆಳಕಿನ ಬಿಳಿ ಮಚ್ಚೆಯೂ ಇತ್ತು.

ಯಜಮಾನರು ಬಾಗಿ ನೋಡಿದರು. “ಆ ಹರಿವಾಣ ನಮ್ಮನೇದೇ. ಮದುವೆ ಊಟಕ್ಕೆ ಅಂತ ಅವ್ವ ಕಲಾಯಿಗೆ ಕೊಟ್ಟಿದ್ಲು.” ಮತ್ತೆ ಬಾಗಿ ನೋಡಿದರು. ನಿಧಾನವಾಗಿ ನೆಟ್ಟಗಾದರು. ಐವತ್ತು ವರ್ಷದ ಭಾರ ಇಳಿದಿದ್ದು ಕಾಣುತ್ತಿತ್ತು. ಅಕ್ಕನ ಕಡೆ ತಿರುಗಿ, “ನಿಮ್ಮಪ್ಪನ ಕೆಲಸ ಅಂದ್ರೆ ಕೆಲಸ ಕಣಮ್ಮಾ. ಈ ಫೋಟೊ ಇಲ್ಲೇ ಇರ್ಲಿ, ಯಾರೂ ಮುಟ್ಟಂಗಿಲ್ಲ” ಅಂದರು. ಆಮೇಲೆ ಹೆಂಡತಿಗೆ ಕೇಳುವ ಹಾಗೆ, ಇಡೀ ವಾಚನಾಲಯಕ್ಕೇ ಹೇಳಿದರು: “ನೋಡಿದ್ಯಾ? ನಾನು ಹೆದ್ರಿ ಕಣ್ಮುಚ್ಚಿದ್ದಲ್ಲ. ಹರಿವಾಣದ ಬೆಳಕಿಗೆ ಮುಚ್ಚಿದ್ದು.”

ಹೆಂಡತಿ ಸೆರಗು ಸರಿಮಾಡಿಕೊಂಡು ಫೋಟೊ ನೋಡಿದರು, ಗಂಡನನ್ನು ನೋಡಿದರು.

“ಆಯ್ತು, ಅವತ್ತು ಹರಿವಾಣ. ಅವತ್ತಿಂದ ಇವತ್ತಿನ್ತನ್ಕ ನಾನು ಬಾಯಿ ತೆಗೆದಾಗೆಲ್ಲಾ ಕಣ್ಮುಚ್ಕಂಡು ಕುಂತ್ಕಂತೀರಲ್ಲ, ಅದು ಯಾರ ಮನೆ ಹರಿವಾಣ?”