ಯಾರೂ ಊಹಿಸಲಾರದ ಪಾಸ್‌ವರ್ಡ್

ನಾನು ಕಂಪ್ಯೂಟರ್ ಭದ್ರತಾ ತಜ್ಞ. ಶಿವಮೊಗ್ಗದಲ್ಲಿ ಕುಳಿತು ಆ ವಿಷಯದ ಮೇಲೆ ಒಂದು ಪುಸ್ತಕ ಬರೆದಿದ್ದೇನೆ. 'ಕನ್ನಡ ವಾಕ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಪಾಸ್‌ವರ್ಡ್ ಮಾಡಿಕೊಳ್ಳಿ, ಯಾರೂ ಊಹಿಸಲಾರರು' ಎಂಬ ಸಲಹೆ ನನ್ನದೇ. ಆ ಮಾತು ನಿಜವೆಂದು ಈಗ ದೃಢಪಟ್ಟಿದೆ.

ಎರಡನೆಯ ಪುಸ್ತಕಕ್ಕೆ ಎರಡು ವರ್ಷ ಹಿಡಿಯಿತು. ಬರೆದು ಮುಗಿಸಿ, ಹೊಸ ಪಾಸ್‌ವರ್ಡ್ ಹಾಕಿ ಲ್ಯಾಪ್‌ಟಾಪ್ ಮುಚ್ಚಿದೆ. ಬೇರೆ ಪ್ರತಿ ಇಡಲಿಲ್ಲ. ಪ್ರತಿ ಹೆಚ್ಚಿದಷ್ಟೂ ಕಳ್ಳರಿಗೆ ಅನುಕೂಲ! ಹತ್ತು ಸಲ ತಪ್ಪು ಪಾಸ್‌ವರ್ಡ್ ಬಿದ್ದರೆ ಎಲ್ಲವೂ ಅಳಿಸಿಹೋಗುವ ಏರ್ಪಾಡನ್ನೂ ಮಾಡಿದೆ.

ಹದಿನೈದು ದಿನದ ಮೇಲೆ ಭದ್ರಾವತಿಯ ಜನ್ನಾಪುರದಲ್ಲಿ, ಅತ್ತೆಯ ಮನೆಯಲ್ಲಿದ್ದಾಗ ಶಿವಮೊಗ್ಗದ ಗಾಂಧಿ ಬಜಾರಿನ ಪ್ರೆಸ್ಸಿನಿಂದ ಫೋನ್ ಬಂತು.

"ಸಾರ್, ಐದು ಗಂಟೆಯೊಳಗೆ ಫೈಲ್ ಕಳಿಸಿ. ಇಲ್ಲಾಂದ್ರೆ ಮಷಿನ್ ಮದುವೆ ಕಾರ್ಡಿಗೆ ಹೋಗುತ್ತೆ," ಎಂದರು ಪ್ರೆಸ್ಸಿನ ಸಾಹೇಬರು.

"ಐದು ನಿಮಿಷ ಸಾಕು," ಎಂದೆ.

ಜೊತೆಗೆ ತಂದಿದ್ದ ಲ್ಯಾಪ್‌ಟಾಪ್ ತೆರೆದೆ. ಪಾಸ್‌ವರ್ಡಿನ ವಾಕ್ಯ ಚೆನ್ನಾಗಿ ನೆನಪಿತ್ತು. ಸ್ಪೆಲಿಂಗ್ ನೆನಪಿರಲಿಲ್ಲ. 'ತ'ಗೆ ಎಚ್ ಹಾಕಿದ್ದೆನೋ, ಬಿಟ್ಟಿದ್ದೆನೋ? 'ನೀ'ಗೆ ಎರಡು ಇ ಇದ್ದವೋ, ಒಂದು ಐ ಇತ್ತೋ? ಒಂದೊಂದೇ ಪ್ರಯತ್ನಿಸಿದೆ. ಒಂಬತ್ತು ಮುಗಿದವು.

ಉಳಿದದ್ದು ಒಂದು ಅವಕಾಶ, ಎರಡು ವರ್ಷದ ಕೆಲಸ.

ನನ್ನ ಮುಖ ನೋಡಿ ಹೆಂಡತಿ ಶೈಲಜಾ ಪಕ್ಕದಲ್ಲಿ ಬಂದು ಕುಳಿತಳು. "ರೀ, ವಾಕ್ಯ ಏನು ಹೇಳಿ. ನಾನು ಹೊಡೀತೀನಿ."

"ಬೇಡ."

"ಪುಸ್ತಕ ಬೇಕಾ, ಬೇಡ್ವಾ ಮಾರಾಯ್ರೇ?"

ಅಡುಗೆಮನೆ ಕಡೆ ನೋಡಿ, ಆದಷ್ಟು ಮೆಲ್ಲಗೆ ಹೇಳಿದೆ: "ಅತ್ತೆ ಮಜ್ಜಿಗೆಗಿಂತ ತುಂಗೆ ನೀರೇ ಗಟ್ಟಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಶೈಲಜಾ ನಗಲಿಲ್ಲ. "ನೀವು ಪದದ ಮೊದಲು 'ತ' ಬಂದ್ರೆ ಎಚ್ ಹಾಕ್ತೀರ, ಮಧ್ಯೆ ಬಂದ್ರೆ ಬಿಡ್ತೀರ. 'ನೀ'ಗೆ ಯಾವಾಗ್ಲೂ ಒಂದೇ ಐ."

"ನಿನಗೆ ಹೇಗೆ ಗೊತ್ತು?"

"ಹನ್ನೆರಡು ವರ್ಷದಿಂದ ನಿಮ್ಮ ಮೆಸೇಜ್ ಓದ್ತಿಲ್ವಾ!"

ಒಂದೊಂದೇ ಅಕ್ಷರ ಒತ್ತಿದಳು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಪುಸ್ತಕ ಪರದೆಯ ಮೇಲಿತ್ತು. ಅತ್ತೆ ಬಾಗಿಲಲ್ಲಿದ್ದರು.

"ಮಜ್ಜಿಗೆ ನೀರಾಗಿದ್ರೆ ನನಗೇ ಹೇಳಬಹುದಿತ್ತಲ್ಲ ಅಳಿಯಂದ್ರೇ. ಪುಸ್ತಕದಲ್ಲಿ ಬರೆಯೋದಾ?"

"ಪುಸ್ತಕದಲ್ಲಿಲ್ಲ ಅತ್ತೆ. ಬೀಗದಲ್ಲಿದೆ."

ಈ ಸ್ಪಷ್ಟೀಕರಣದಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಫೈಲ್ ಹೋಯಿತು. ಅಷ್ಟರಲ್ಲಿ ಶೈಲಜಾ ಪಾಸ್‌ವರ್ಡನ್ನೇ ಬದಲಿಸಿದ್ದಳು.

"ಏನು ಹಾಕಿದೆ?"

"ನಿಮಗೆ ಹೇಳಿದ್ರೆ ಅದಕ್ಕೆ ಭದ್ರತೆ ಎಲ್ಲಿರುತ್ತೆ?"

ಪುಸ್ತಕ ಹೊರಬಂದಿದೆ. ಹಿಂಬದಿಯ ರಕ್ಷಾಪುಟದಲ್ಲಿ ನನ್ನ ಫೋಟೋ, ಕೆಳಗೆ 'ಕಂಪ್ಯೂಟರ್ ಭದ್ರತಾ ತಜ್ಞ' ಎಂಬ ಒಕ್ಕಣೆ. ಮೂರನೆಯ ಪುಸ್ತಕದ ಬರವಣಿಗೆ ಸಾಗಿದೆ. ಪ್ರತಿದಿನ ಬೆಳಿಗ್ಗೆ ತಜ್ಞರು ಲ್ಯಾಪ್‌ಟಾಪ್ ಎತ್ತಿಕೊಂಡು ಹೆಂಡತಿಯ ಮುಂದೆ ನಿಲ್ಲುತ್ತಾರೆ. ಆಕೆ, "ಆ ಕಡೆ ತಿರುಗಿ," ಎನ್ನುತ್ತಾಳೆ. ತಿರುಗುತ್ತಾರೆ.