ಹೊರಗಿನ ಮಾರ್ಗದರ್ಶನದಂತೆ ನೆರವೇರಿದ ಒಂದು ಮದುವೆ

ಪೆಲಿಕನ್ ಫೋರ್ಕ್ ಕೌಂಟಿಯ ಆಡಳಿತ ಕಚೇರಿಯಲ್ಲಿ ವಿದ್ಯುನ್ಮಾನ ದಾಖಲೆಗಳನ್ನು ಇಡುವ ಸರ್ವರ್ ಫೆಬ್ರವರಿ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಸಂಪೂರ್ಣ ಭರ್ತಿಯಾಯಿತು. ಕೆಟ್ಟುಹೋಗಲಿಲ್ಲ, ಕಳುವಾಗಲಿಲ್ಲ, ಭರ್ತಿಯಾಯಿತು, ಅಷ್ಟೇ. ಆ ಗಳಿಗೆಯಲ್ಲಿ ಒಳಗೆ ಹೋಗುತ್ತಿದ್ದ ದಾಖಲೆಯೊಂದು ಬಾಗಿಲಲ್ಲೇ ಸಿಕ್ಕಿಕೊಂಡಿತು. ಸದರಿ ದಾಖಲೆಯು ವರ್ನಾ ಟೋಲೆಫ್ಸನ್ ಮತ್ತು ಓರಿನ್ ಹೌಗ್‌ಸ್ಟಾಡ್ ಎಂಬವರ ಮದುವೆ ಪರವಾನಗಿಯಾಗಿತ್ತು; ಅದಿಲ್ಲದೆ ಅಲ್ಲಿ ಮದುವೆ ನಡೆಸುವಂತಿಲ್ಲ. ವಧುವಿನ ಹೆಸರು ಪೂರ್ತಿ ದಾಖಲಾಗಿತ್ತು. ವರನ ಹೆಸರು ಮೊದಲ ಅಕ್ಷರಕ್ಕೇ ನಿಂತಿತ್ತು.

ವರ್ನಾ ಬೇರೆ ಯಾರೂ ಅಲ್ಲ, ಅದೇ ಕಚೇರಿಯ ದಾಖಲೆ ಅಧಿಕಾರಿ. ಊರಿನ ಅರ್ಧಕ್ಕರ್ಧ ಜನರ ಮದುವೆಗಳನ್ನು ತನ್ನ ಕೈಯಾರೆ ದಾಖಲಿಸಿ, ಕೆಲವರ ವಿಚ್ಛೇದನವನ್ನೂ ದಾಖಲಿಸಿ, ಅವರಲ್ಲೇ ಮತ್ತೆ ಕೆಲವರ ಎರಡನೆಯ ಮದುವೆಯನ್ನೂ ದಾಖಲಿಸಿ, ಐವತ್ತೆಂಟನೆಯ ವಯಸ್ಸಿಗೆ ಈಗ ಮೊದಲ ಸಲ ತನ್ನದನ್ನು ದಾಖಲಿಸಲು ಕುಳಿತಿದ್ದಳು. ಓರಿನ್ ಹಿಮ ತೆಗೆಯುವ ಲಾರಿಯ ಚಾಲಕ, ವಿಧುರ, ಮಾತು ಕಮ್ಮಿ. ಹೆಪ್ಪುಗಟ್ಟಿದ ಕೆರೆಯ ಮೇಲಿನ ಮೀನು ಹಿಡಿಯುವ ಗುಡಿಸಲಲ್ಲಿ, ಗಾಳ ಬಿಡಲು ಮಂಜುಗಡ್ಡೆಯಲ್ಲಿ ಕೊರೆದ ತೂತನ್ನೇ ನೋಡುತ್ತ, ಮದುವೆ ಆದರೆ ಹೇಗೆ ಎಂದು ಅವನು ಕೇಳಿದ್ದ. ಪರವಾಗಿಲ್ಲ, ಆಗಬಹುದು ಎಂದು ಅವಳೂ ಆ ತೂತಿಗೇ ಹೇಳಿದ್ದಳು. ಆ ಸೀಮೆಯ ಮಟ್ಟಿಗೆ ಇದು ಹುಚ್ಚು ಪ್ರೇಮ.

ಕಾಗದದ ಮೇಲೆ ಬರೆದುಕೊಟ್ಟರೆ ಆಗದೇ ಎಂದು ಓದುಗರು ಕೇಳಬಹುದು. ಕಾಗದದ ಪರವಾನಗಿಯನ್ನು ಹಿಂದಿನ ವರ್ಷವೇ ರದ್ದುಪಡಿಸಿ, ಆ ಸಂತೋಷಕ್ಕೆ ಕೇಕು ಕತ್ತರಿಸಿ, ಉಳಿದ ನಮೂನೆಗಳನ್ನು ಅಗ್ನಿಶಾಮಕ ದಳದ ತರಬೇತಿಗೆ ದಾನ ಮಾಡಲಾಗಿತ್ತು. ದಳದವರು ಅವನ್ನು ಹೊತ್ತಿಸಿ ಆರಿಸಿ ಬಹಳ ಕಲಿತರು. ಹೊಸ ಸರ್ವರ್ ಕೊಳ್ಳಬಹುದಿತ್ತು. ಆದರೆ ಟೆಂಡರ್ ಕರೆದರೆ ಆ ಟೆಂಡರಿನ ದಾಖಲೆಯನ್ನು ಹಳೆಯ ಸರ್ವರಿನಲ್ಲಿ ಉಳಿಸಬೇಕು, ಅಲ್ಲಿ ಜಾಗವಿರಲಿಲ್ಲ. ಇನ್ನುಳಿದ ದಾರಿ ಹಳೆಯದೇನನ್ನಾದರೂ ಅಳಿಸುವುದು. ಅದಕ್ಕೆ ಕೌಂಟಿಯ ನಿಯಮ ಸ್ಪಷ್ಟವಾಗಿತ್ತು: ‘ಯಾವುದೇ ವಿದ್ಯುನ್ಮಾನ ದಾಖಲೆಯನ್ನು, ಅದು ಎಷ್ಟೇ ಕ್ಷುಲ್ಲಕವಾಗಿರಲಿ, ಹೊರಗಿನ ಸಂಪನ್ಮೂಲಗಳನ್ನು ಹುಡುಕಿ ಅವುಗಳಿಂದ ಮಾರ್ಗದರ್ಶನ ಪಡೆಯದೆ ಅಳಿಸತಕ್ಕದ್ದಲ್ಲ. ಒಳಗಿನವರಿಗೆ ಏನೂ ಗೊತ್ತಿರುವುದಿಲ್ಲವೆಂದು ಭಾವಿಸತಕ್ಕದ್ದು.’

ಸಂಜೆ ಓರಿನ್ ಲಾರಿ ನಿಲ್ಲಿಸಿ ಒಳಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, ಪರದೆಯ ಮೇಲೆ ಒಂಟಿಯಾಗಿ ನಿಂತಿದ್ದ ತನ್ನ ಅಕ್ಷರವನ್ನು ಬಹಳ ಹೊತ್ತು ನೋಡಿದ.

“ಪಕ್ಕದ ಕೌಂಟಿಗೆ ಹೋಗಿ ಮಾಡಿಸ್ಕೊಂಡ್ ಬಂದ್ರೆ ಆಗಲ್ವಾ?” ಎಂದ.

“ಈ ಊರಿನ ಎಲ್ಲರ ಮದುವೆನೂ ನಾನೇ ಬರೆದಿದ್ದೀನಿ, ಓರಿನ್. ನನ್ನದನ್ನ ಇನ್ಯಾರೋ ಬರೀಬೇಕಾ?”

ಓರಿನ್ ಇದನ್ನು ಯೋಚಿಸಿ ನೋಡಿದ. “ಅದೂ ಸರಿನೇ,” ಎಂದು ಟೋಪಿ ಹಾಕಿಕೊಂಡು ಹೋದ. ವರ್ನಾಳಿಗೆ ಅಳು ಬಂತು. ಆದರೆ ಕಚೇರಿ ಸಮಯ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅಳಲಿಲ್ಲ.

ಮರುದಿನದಿಂದ ಅವಳು ಹೊರಗಿನ ಸಂಪನ್ಮೂಲಗಳನ್ನು ಹುಡುಕತೊಡಗಿದಳು. ರಾಜ್ಯದ ಇಲಾಖೆಯ ಜಾಲತಾಣದಲ್ಲಿ ‘ಹೊರಗಿನ ಸಂಪನ್ಮೂಲಗಳು’ ಎಂಬ ಪುಟವೇ ಇತ್ತು. ಅದು ಅವಳನ್ನು ದಾಖಲೆಪಾಲಕರ ಸಂಘವೊಂದಕ್ಕೆ ಕಳಿಸಿತು. ಸಂಘದ ಪುಟ ಒಂದು ವಿಶ್ವವಿದ್ಯಾಲಯಕ್ಕೆ ಕಳಿಸಿತು. ವಿಶ್ವವಿದ್ಯಾಲಯದವರು ಆಳವಾದ ಸಂಶೋಧನೆ ನಡೆಸಿ, ಇಡೀ ಪ್ರಾಂತದಲ್ಲಿ ಒಂದೇ ಒಂದು ದಾಖಲೆಯನ್ನೂ ಕಳೆದುಕೊಳ್ಳದ ಮಾದರಿ ಕಚೇರಿಯೊಂದನ್ನು ಗುರುತಿಸಿ, ಸಂದೇಹವಿದ್ದವರು ಅಲ್ಲಿಗೇ ಫೋನ್ ಮಾಡತಕ್ಕದ್ದೆಂದು ದೂರವಾಣಿ ಸಂಖ್ಯೆಯನ್ನೂ ಕೊಟ್ಟಿದ್ದರು. ವರ್ನಾ ಫೋನ್ ಮಾಡಿದಳು. ಲೈನ್ ಬಿಡುವಿರಲಿಲ್ಲ. ಊಟದ ತನಕ ಪ್ರಯತ್ನಿಸಿದ ಮೇಲೆ, ಅದು ತಾನು ಕಿವಿಗೆ ಹಿಡಿದುಕೊಂಡಿದ್ದ ಫೋನಿನದೇ ಸಂಖ್ಯೆ ಎಂಬುದು ಅವಳ ಗಮನಕ್ಕೆ ಬಂತು.

ಆಡಳಿತಾಧಿಕಾರಿ ಕ್ಲೇಟನ್ ಬ್ರೂಡ್‌ವೋಲ್ಡ್ ಅವರಿಗೆ ಈ ಸುದ್ದಿಯಿಂದ ಹೆಮ್ಮೆಯಾಯಿತು. ಕ್ಲೇಟನ್ ಅವರು ಬಹಳ ಒಳ್ಳೆಯವರು. ಊರಿಗೆ ಊರೇ ಒಳ್ಳೆಯದು, ಅದೇ ತಾಪತ್ರಯ. ನಾವು ಮಾದರಿ ಎಂದಾದ ಮೇಲೆ ನಾವೇ ನಮಗೆ ಮಾರ್ಗದರ್ಶನ ಮಾಡಿಕೊಂಡರೆ ತಪ್ಪೇನು ಎಂದು ವರ್ನಾ ಕೇಳಿದಳು. ಅವರು ನಿಯಮವನ್ನು ಇನ್ನೊಮ್ಮೆ ಓದಿ, ಮಾರ್ಗದರ್ಶನ ಹೊರಗಿನಿಂದ ಬರಬೇಕೆಂದಿದೆ ಎಂದರು. ವರ್ನಾ ಕೋಟು ಹಾಕಿಕೊಂಡು ಕಾರು ನಿಲ್ಲಿಸುವ ಜಾಗಕ್ಕೆ ಹೋಗಿ, ಅಲ್ಲಿಂದ ಕಿಟಕಿಯ ಕಡೆ ತಿರುಗಿ ಅಳಿಸಬಹುದೆಂದು ಕೂಗಿ ಹೇಳಿದಳು. ಕ್ಲೇಟನ್ ಅವರು ಕಿಟಕಿ ತೆರೆದು ಆಲಿಸಿ, ಇದು ಸಾಲದೆಂದು ವಿಷಾದದಿಂದ ತಿಳಿಸಿದರು.

ಅಷ್ಟರಲ್ಲಿ ಸಂಘದವರೇ ಕನಿಕರಪಟ್ಟು ಅರಿಜೋನಾದ ಒಬ್ಬ ತಜ್ಞೆಯನ್ನು ಗೊತ್ತುಮಾಡಿದರು. ಯೋಲಾಂಡಾ ಕ್ವಿಂಟಾನಾ ಎಂಬ ಈ ಮಹಿಳೆ ದೊಡ್ಡ ದೊಡ್ಡ ನಗರಗಳ ದಾಖಲೆಗಳನ್ನು ಅಳಿಸಿ ಹೆಸರು ಮಾಡಿದವರು. ಅವರು ಫೋನ್ ಮಾಡಿದಾಗ ಇಡೀ ಕಚೇರಿ ಸ್ಪೀಕರಿನ ಸುತ್ತ ನೆರೆಯಿತು.

“ನಿಮ್ಮ ತೊಂದರೆ ಕೇಳಿದೆ. ನಾನು ಬಿಟ್ಟಿಯಾಗೇ ಮಾಡಿಕೊಡ್ತೀನಿ. ಒಂದು ಮಧ್ಯಾಹ್ನದ ಕೆಲಸ,” ಎಂದರು ಯೋಲಾಂಡಾ.

“ಅಯ್ಯೋ ಬೇಡಿ, ನಿಮಗ್ಯಾಕೆ ಸುಮ್ಮನೆ ತೊಂದರೆ,” ಎಂದರು ಕ್ಲೇಟನ್.

“ಓ, ಹಾಗಾದ್ರೆ ಸರಿ. ಒಳ್ಳೇದಾಗ್ಲಿ,” ಎಂದು ಯೋಲಾಂಡಾ ಫೋನ್ ಇಟ್ಟರು.

ಪೆಲಿಕನ್ ಫೋರ್ಕಿನಲ್ಲಿ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲನೆಯ ಸಲ ಬೇಡವೆನ್ನುತ್ತಾರೆ. ಎರಡನೆಯ ಸಲ ಖಂಡಿತ ಬೇಡವೆನ್ನುತ್ತಾರೆ. ಮೂರನೆಯ ಸಲ, ನಿಮಗೆ ಅಷ್ಟೊಂದು ಭಾರವಾಗದಿದ್ದರೆ ಒಂದು ಚೂರು ಇರಲಿ ಎನ್ನುತ್ತಾರೆ. ಕಾಫಿಯಾದರೂ ಹೀಗೆ, ಮೂತ್ರಪಿಂಡವಾದರೂ ಹೀಗೆ. ಒಂದು ಸಲ ಕೇಳಿ ಸುಮ್ಮನಾಗುವ ಮನುಷ್ಯರು ಲೋಕದಲ್ಲಿರಬಹುದೆಂದು ಕ್ಲೇಟನ್ ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಆ ಫೋನಿನ ಪಕ್ಕದಲ್ಲಿ ಕಚೇರಿ ಮುಚ್ಚುವವರೆಗೂ ಕುಳಿತಿದ್ದರು.

ಇತ್ತ ಚರ್ಚಿನಲ್ಲಿ ಬೇರೊಂದು ಒತ್ತಡ ಬೆಳೆಯುತ್ತಿತ್ತು. ಮದುವೆಯೂಟಕ್ಕೆಂದು ಹೆಂಗಸರು ಮಾಂಸ, ಆಲೂಗಡ್ಡೆ, ಅಣಬೆ ಸೂಪು ಸೇರಿಸಿ ಬೇಯಿಸಿದ ಹಾಟ್‌ಡಿಶ್ ತಟ್ಟೆಗಳನ್ನು ತಂದು ನೆಲಮಾಳಿಗೆಯ ಫ್ರೀಜರಿಗೆ ತುಂಬುತ್ತಿದ್ದರು. ದಿನ ನಿಗದಿಯಾಗದಿದ್ದರೂ ತಟ್ಟೆಗಳು ಬರುವುದು ನಿಲ್ಲಲಿಲ್ಲ, ಏಕೆಂದರೆ ಮೊದಲು ನಿಲ್ಲಿಸಿದವರು ಜಿಪುಣರೆನಿಸಿಕೊಳ್ಳುತ್ತಿದ್ದರು. ಪಾದ್ರಿಗಳು ವರ್ನಾಳನ್ನು ಬೀದಿಯಲ್ಲಿ ಕಂಡರೆ ನಸುನಕ್ಕು, ಅವಸರವೇನೂ ಇಲ್ಲ ಎನ್ನುತ್ತಿದ್ದರು. ಆ ಊರಿನಲ್ಲಿ ಇದಕ್ಕಿಂತ ಕಠಿಣವಾದ ಮಾತು ಇಲ್ಲ.

ವರ್ನಾ ಕೊನೆಗೆ ಒಂದು ಪ್ರಕಟಣೆ ಸಿದ್ಧಪಡಿಸಿ, ಕ್ಲೇಟನ್ ಅವರ ರುಜು ಹಾಕಿಸಿ, ಅಂಚೆಯಲ್ಲಿ ಅರಿಜೋನಾಕ್ಕೆ ಕಳಿಸಿದಳು. ‘ಈ ಕೌಂಟಿಗೆ ನೆರವು ನೀಡಬಯಸುವ ಹೊರಗಿನ ಸಂಪನ್ಮೂಲಗಳು ತಮ್ಮ ನೆರವನ್ನು ಕಡ್ಡಾಯವಾಗಿ ಮೂರು ಬಾರಿ ನೀಡಲು ಮುಂದೆ ಬರತಕ್ಕದ್ದು. ಮೊದಲೆರಡು ನಿರಾಕರಣೆಗಳನ್ನು ನಿರಾಕರಣೆಗಳೆಂದು ಪರಿಗಣಿಸತಕ್ಕದ್ದಲ್ಲ. ನಡುನಡುವೆ ಹವಾಮಾನದ ಬಗ್ಗೆ ವಿಚಾರಿಸುವುದು ಅಪೇಕ್ಷಣೀಯ.’ ಯೋಲಾಂಡಾ ವೃತ್ತಿಪರರು. ಮತ್ತೆ ಫೋನ್ ಮಾಡಿ, ನೆರವು ಬೇಕೇ ಎಂದರು, ಬೇಡವಾಯಿತು. ಚಳಿ ಹೇಗಿದೆ ಎಂದರು. ಪರವಾಗಿಲ್ಲ, ಇನ್ನೂ ಕೆಟ್ಟದಾಗಿರಬಹುದಿತ್ತು ಎಂದಾಯಿತು. ನೆರವು ಬೇಕೇ ಎಂದರು, ಖಂಡಿತ ಬೇಡವಾಯಿತು. ಮೂರನೆಯ ಸಲ ಕೇಳುವಾಗ ಅವರ ದನಿ ಸ್ವಲ್ಪ ಬಿಗಿಯಾಗಿತ್ತು. ನಿಮಗೆ ತೀರಾ ತೊಂದರೆಯಾಗದಿದ್ದರೆ ಆಗಬಹುದು ಎಂದರು ಕ್ಲೇಟನ್. ವರ್ನಾ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಯೋಲಾಂಡಾ ಅಲ್ಲಿಂದಲೇ ಸರ್ವರಿನೊಳಗೆ ಇಣುಕಿ, ಅದನ್ನು ತುಂಬಿರುವುದು ಬಹುಪಾಲು ಒಂದೇ ಒಂದು ಇ-ಮೇಲ್ ಸರಪಳಿ ಎಂದು ಕಂಡುಹಿಡಿದರು. ಎಷ್ಟೋ ವರ್ಷಗಳ ಹಿಂದೆ ಯಾರೋ ಅಡುಗೆಕೋಣೆಯಲ್ಲಿ ಒಂದು ನೀಲಿ ತಟ್ಟೆ ಉಳಿದಿದೆ, ಯಾರದು ಎಂದು ಎಲ್ಲರಿಗೂ ಬರೆದಿದ್ದರು. ತಿಳಿಸಿದ್ದಕ್ಕೆ ಧನ್ಯವಾದವೆಂದು ಎಲ್ಲರೂ ಎಲ್ಲರಿಗೂ ಬರೆದಿದ್ದರು. ಧನ್ಯವಾದ ಹೇಳಿದ್ದಕ್ಕೆ ಎಲ್ಲರೂ ಎಲ್ಲರಿಗೂ ಧನ್ಯವಾದ ಹೇಳಿದ್ದರು. ನಿವೃತ್ತರಾದವರು ಮನೆಯಿಂದಲೂ ಮುಂದುವರಿಸಿದ್ದರು. ತಟ್ಟೆ ಯಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ, ತನ್ನದೆಂದು ಹೇಳೋಣವೆಂದರೆ ಅದು ಇನ್ನೊಬ್ಬರಿಗೆ ಬೇಕಾಗಿರಬಹುದಲ್ಲ.

“ಇದನ್ನೆಲ್ಲ ಅಳಿಸಿ,” ಎಂದರು ಯೋಲಾಂಡಾ.

ಇದು ಅಧಿಕೃತವಾದ ಹೊರಗಿನ ಮಾರ್ಗದರ್ಶನವಾಗಿದ್ದುದರಿಂದ ವರ್ನಾ ತಕ್ಷಣ ಕೈ ಹಾಕಿದಳು. ಮಧ್ಯಾಹ್ನದೊಳಗೆ ತಕ್ಕಮಟ್ಟಿಗೆ ಜಾಗ ಬಿಡುಗಡೆಯಾಯಿತು. ಆದರೆ ಒಬ್ಬರ ಧನ್ಯವಾದವನ್ನು ಅವರಿಗೆ ತಿಳಿಸದೆ ಅಳಿಸುವುದು ಕ್ಲೇಟನ್ ಅವರ ಮನಸ್ಸಿಗೆ ಒಪ್ಪಲಿಲ್ಲ. ವರ್ನಾ ತನ್ನ ಪರವಾನಗಿಯನ್ನು ತೆರೆದು ವರನ ಹೆಸರಿಗೆ ಬರುವಷ್ಟರಲ್ಲಿ ಅವರು ಪಕ್ಕದ ಕೋಣೆಯಿಂದ ಎಲ್ಲರಿಗೂ ಒಂದು ಕ್ಷಮಾಪಣೆ ಕಳಿಸಿದರು. ತಿಳಿಸಿದ್ದಕ್ಕೆ ಎಲ್ಲರೂ ಧನ್ಯವಾದ ಬರೆದರು. ಓರಿನ್ ಎರಡನೆಯ ಅಕ್ಷರದವರೆಗೆ ಬಂದು ಮತ್ತೆ ನಿಂತ.

ವರ್ನಾ ಎದ್ದು ನಿಂತಳು. ಅವಳ ಮುಖ ಕೆಂಪಾಗಿತ್ತು. “ಕ್ಲೇಟನ್, ನನಗೆ ಸ್ವಲ್ಪ ಬೇಜಾರಾಗಿದೆ,” ಎಂದಳು. ಕಚೇರಿಯಲ್ಲಿ ಇಷ್ಟು ದೊಡ್ಡ ಜಗಳವನ್ನು ಯಾರೂ ಕಂಡಿರಲಿಲ್ಲ. ಒಬ್ಬಿಬ್ಬರು ಹೊರಗೆ ಹೋದರು.

ಫೋನಿನಲ್ಲಿದ್ದ ಯೋಲಾಂಡಾ ಎಲ್ಲವನ್ನೂ ಕೇಳಿಸಿಕೊಂಡು ದೀರ್ಘವಾಗಿ ಉಸಿರುಬಿಟ್ಟರು. ಇಡೀ ಕಟ್ಟಡದಲ್ಲಿ ಜಾಗ ಉಳಿದಿರುವ ಯಂತ್ರ ಒಂದೂ ಇಲ್ಲವೇ ಎಂದು ಕೇಳಿದರು. ನಾಯಿ ಪರವಾನಗಿ ವಿಭಾಗದ್ದು ಬೇರೆಯೇ ಇದೆ, ಬೇಕಾದಷ್ಟು ಖಾಲಿ ಇದೆ, ಏಕೆಂದರೆ ನಾಯಿಗಳು ಯಾರಿಗೂ ಇ-ಮೇಲಿನಲ್ಲಿ ಧನ್ಯವಾದ ಹೇಳುವುದಿಲ್ಲ ಎಂದಳು ವರ್ನಾ.

“ಹಾಗಾದ್ರೆ ಅದರಲ್ಲೇ ಮದುವೆ ಮಾಡ್ಕೊಳ್ಳಿ ಹೋಗಿ,” ಎಂದು ಯೋಲಾಂಡಾ ಫೋನ್ ಕುಕ್ಕಿದರು.

ಅವರು ವ್ಯಂಗ್ಯವಾಡಿರಬಹುದು. ಪೆಲಿಕನ್ ಫೋರ್ಕಿನಲ್ಲಿ ವ್ಯಂಗ್ಯವನ್ನು ದಾಖಲಿಸುವ ಅಂಕಣವಿಲ್ಲ. ಕ್ಲೇಟನ್ ಅವರು ಆ ಮಾತನ್ನು ಅಕ್ಷರಶಃ ಬರೆದುಕೊಂಡು, ಕೆಳಗೆ ‘ಹೊರಗಿನ ಮಾರ್ಗದರ್ಶನ, ಪಾಲಿಸತಕ್ಕದ್ದು’ ಎಂದು ಷರಾ ಹಾಕಿದರು.

ಅದೇ ಸಂಜೆ ವರ್ನಾ ಮತ್ತು ಓರಿನ್ ನಾಯಿ ಪರವಾನಗಿ ಕಿಟಕಿಯ ಮುಂದೆ ನಿಂತರು. ನಮೂನೆಯಲ್ಲಿ ಎರಡೇ ಸ್ಥಾನಗಳಿದ್ದವು: ಮಾಲೀಕರು, ಪ್ರಾಣಿ.

“ನೀನೇ ಮಾಲೀಕ ಆಗು,” ಎಂದಳು ವರ್ನಾ.

“ಬೇಡ, ನೀನಾಗು.”

“ಇಲ್ಲ ಓರಿನ್, ನನಗೇನೂ ಬೇಜಾರಿಲ್ಲ, ನಿಜವಾಗ್ಲೂ.”

ಓರಿನ್ ಟೋಪಿಯನ್ನು ತಿರುಗಿಸುತ್ತ ನೆಲ ನೋಡಿದ. “ನೋಡು ವರ್ನಾ,” ಎಂದ. “ಹೆಂಡತಿ ಹೋದ ಮೇಲೆ ನಾನು ಯಾರವನೂ ಅಲ್ಲ. ನಿನ್ನವನು ಅಂತ ಎಲ್ಲಾದ್ರೂ ಬರೆದಿದ್ರೆ ಸಾಕು. ಯಾವ ಯಂತ್ರದಲ್ಲಾದ್ರೂ ಸರಿ.”

ಅವನು ಜೀವಮಾನದಲ್ಲಿ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ಅದೇ ಮೊದಲು. ವರ್ನಾ, ಕಚೇರಿ ಸಮಯವೆಂಬುದನ್ನೂ ನೋಡದೆ, ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಕೌಂಟರಿನ ಆಚೆ ಹೋಗಿ ಕುಳಿತು ತಾನೇ ಬರೆದಳು. ತಳಿ: ನಾರ್ವೇ ಮೂಲ. ಬಣ್ಣ: ನರೆ. ಸ್ವಭಾವ: ಶಾಂತ. ಸಂತಾನಹರಣ ಚಿಕಿತ್ಸೆ ಆಗಿದ್ದರೆ ಶುಲ್ಕದಲ್ಲಿ ರಿಯಾಯಿತಿಯಿತ್ತು. ಓರಿನ್ ಪೂರ್ತಿ ಶುಲ್ಕವನ್ನೇ ಕಟ್ಟಿದ. ರೇಬೀಸ್ ಚುಚ್ಚುಮದ್ದಿನ ಪ್ರಮಾಣಪತ್ರಕ್ಕಾಗಿ ಅವನು ಮರುದಿನ ಪಶುವೈದ್ಯರ ಬಳಿ ಹೋಗಿ ಎರಡು ಬೆಕ್ಕುಗಳ ನಡುವೆ ಸರದಿಗೆ ಕುಳಿತ. ವೈದ್ಯರು ಅಭಿನಂದನೆ ಹೇಳಿದರು. ಹೆಸರು ಪೂರ್ತಿಯಾಗಿ, ಒಂದಕ್ಷರ ಬಿಡದೆ, ದಾಖಲಾಯಿತು.

ಶನಿವಾರ ಚರ್ಚಿನಲ್ಲಿ ಮದುವೆ ನಡೆಯಿತು. ಉಂಗುರದ ಜೊತೆಗೆ, ಪರವಾನಗಿ ಪಡೆದ ನಾಯಿಯ ಕೊರಳಿಗೆ ಕಟ್ಟುವ ಹಿತ್ತಾಳೆಯ ಬಿಲ್ಲೆಯೂ ಇತ್ತು. ಪಾದ್ರಿಗಳು ಪರವಾನಗಿಯನ್ನು ಓದಿ, ಕಾನೂನಿನ ಪ್ರಕಾರ ಸರಿಯಾಗಿದೆ ಎಂದರು. ಹಾಟ್‌ಡಿಶ್ ಎಲ್ಲರಿಗೂ ಸಾಕಾಗಿ ಮೂರು ಶವಸಂಸ್ಕಾರಗಳ ಊಟಕ್ಕೂ ಉಳಿಯಿತು. ರಾಜ್ಯದ ಇಲಾಖೆಯವರು ತಮ್ಮ ‘ಹೊರಗಿನ ಸಂಪನ್ಮೂಲಗಳು’ ಪುಟಕ್ಕೆ ಪೆಲಿಕನ್ ಫೋರ್ಕಿನ ಹೆಸರನ್ನೇ ಸೇರಿಸಿ ಮುಂದೆ ಒಂದು ನಕ್ಷತ್ರ ಹಾಕಿದರು. ಸರ್ವರನ್ನು ಆಮೇಲೆ ಯಾರೂ ಮುಟ್ಟಲಿಲ್ಲ; ಅದರಲ್ಲಿ ಈಗ ಧನ್ಯವಾದಗಳಷ್ಟೇ ಸುರಕ್ಷಿತವಾಗಿವೆ. ಜನನ, ಮರಣ, ಜಮೀನು ಎಲ್ಲವೂ ನಾಯಿ ವಿಭಾಗದಲ್ಲೇ ಸುಸೂತ್ರವಾಗಿ ನಡೆಯುತ್ತಿವೆ.

ನಾಯಿ ಪರವಾನಗಿಯನ್ನು ಪ್ರತಿವರ್ಷ ನವೀಕರಿಸಬೇಕು. ಇದರಿಂದ ತಕರಾರು ಏಳಬಹುದೆಂದು ಕ್ಲೇಟನ್ ಅವರು ಹೆದರಿದ್ದರು. ಆದದ್ದು ಬೇರೆ. ಹಳೆಯ ಪದ್ಧತಿಯಲ್ಲಿ ಮದುವೆಯಾಗಿ ನಲವತ್ತು ವರ್ಷ ಕಳೆದಿದ್ದ ಪಾದ್ರಿಗಳ ಹೆಂಡತಿಯೇ ಮೊದಲು ಗಂಡನನ್ನು ಕರೆತಂದು ಇಲ್ಲಿಗೆ ವರ್ಗಾಯಿಸಿಕೊಂಡರು. ನಲವತ್ತು ವರ್ಷದಲ್ಲಿ ಮುಂದುವರಿಸುತ್ತೀರಾ ಎಂದು ತನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ ಎಂದರು. ಅವರ ಹಿಂದೆ ಸಾಲು ನಿಂತಿತು. ನವೀಕರಣದ ವಾರ ಬಂದರೆ ಊರಿನ ಗಂಡಸರೆಲ್ಲ ಪಾತ್ರೆ ತೊಳೆಯುತ್ತಾರೆ.

ತನ್ನ ನವೀಕರಣದ ದಿನ ಓರಿನ್ ಲಾರಿಯನ್ನು ಕಚೇರಿಯ ಎದುರು ನಿಲ್ಲಿಸಿ, ಇಂಜಿನ್ ಆರಿಸದೆ, ಬಾಗಿಲನ್ನೇ ನೋಡುತ್ತ ಕೂರುತ್ತಾನೆ. ಹೆದರಿಕೆಯೇ ಎಂದು ಯಾರಾದರೂ ಕೇಳಿದರೆ ಇಲ್ಲವೆನ್ನುತ್ತಾನೆ. ಒಳಗೆ ವರ್ನಾಳಿಗೆ ನವೀಕರಣ ಮುಗಿಸಲು ಅರೆಗಳಿಗೆ ಸಾಕು. ಆದರೂ ಅವಳು ಒಂದು ಲೋಟ ಕಾಫಿ ಬಗ್ಗಿಸಿಕೊಂಡು, ಕಿಟಕಿಯ ಪರದೆಯ ಸಂದಿನಿಂದ ಅವನನ್ನು ನೋಡುತ್ತ, ಬೇಕೆಂದೇ ಸ್ವಲ್ಪ ತಡಮಾಡುತ್ತಾಳೆ.