ಗ್ಯಾರೇಜಿನಲ್ಲಿ ಸೊನ್ನೆ ಡಿಗ್ರಿ

ಜಯತೀರ್ಥನ ಪೀಕಲಾಟಕ್ಕೆಲ್ಲ ಕಾರಣ ಒಂದು ಕರಿಬೇವಿನ ಗಿಡ. ಅಮೆರಿಕದ ಟೆಕ್ಸಸ್ ರಾಜ್ಯದ ಪ್ಲೇನೋದಲ್ಲಿದ್ದ ಮನೆಯ ಗ್ಯಾರೇಜಿನಲ್ಲಿ ಅದನ್ನು ಹೆಂಡತಿ ಸುಚೇತಾ ಬಾಣಂತಿಯಂತೆ ನೋಡಿಕೊಂಡಿದ್ದಳು. ಬೀದಿಯಲ್ಲಿ ಯಾರು ಕೇಳಿದರೂ ಒಂದು ಎಸಳು ಕೊಟ್ಟವಳಲ್ಲ. ಆಫೀಸಿನ ಕೆಲಸಕ್ಕೆ ವಾರದ ಮಟ್ಟಿಗೆ ಆಸ್ಟಿನ್‌ಗೆ ಹೊರಟಾಗ ಹೇಳಿದ್ದು ಒಂದೇ ಮಾತು: "ನಾನು ಬರೋಷ್ಟ್ರಲ್ಲಿ ಒಂದೇ ಒಂದು ಎಲೆ ಕಡಿಮೆ ಆಗಿರಬಾರದು."

ಸುಚೇತಾ ವರ್ಷಗಟ್ಟಲೆ ಪ್ರೋಗ್ರಾಂ ಬರೆದು ಪಳಗಿದವಳು. ಲೆಕ್ಕಪತ್ರದ ಕೆಲಸದ ಜಯತೀರ್ಥ ಪ್ರೋಗ್ರಾಂ ಬರೆಯುವ ಸಿ ಭಾಷೆಯ ಎರಡನೇ ಪಾಠದಲ್ಲಿದ್ದ. ಗಿಡವನ್ನು ಚಳಿಯಿಂದ ಕಾಯ್ದು ಅವಳನ್ನು ಬೆರಗುಗೊಳಿಸಬೇಕೆಂದು ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಉಷ್ಣತೆ ಅಳೆಯುವ ಸೆನ್ಸರು ತರಿಸಿ ತಾನೇ ಪ್ರೋಗ್ರಾಂ ಬರೆದ. ಐದನ್ನು ಒಂಬತ್ತರಿಂದ ಭಾಗಿಸು, ಫ್ಯಾರನ್‌ಹೀಟಿನಲ್ಲಿ ಮೂವತ್ತೆರಡು ಕಳೆದು ಅದರಿಂದ ಗುಣಿಸು, ಸೆಲ್ಸಿಯಸ್ ಬರುತ್ತದೆ. ಅದು ಐದಕ್ಕಿಂತ ಕಡಿಮೆಯಾದರೆ ಕೆಂಪು ಹೀಟ್ ಲ್ಯಾಂಪ್ ಹೊತ್ತಿಸು, ಇಲ್ಲದಿದ್ದರೆ ಆರಿಸು. ಗಿಡಕ್ಕೆ ಸುಚೇತಾಳ ಹಳೇ ಸೀರೆ ಹೊದಿಸಿ ನಿಶ್ಚಿಂತನಾದ.

ಅವಳು ಮರಳುವ ದಿನ ಬಂತು. ಟೆಕ್ಸಸ್ ಹವೆಗೆ ನಾಚಿಕೆ ಎಂಬುದಿಲ್ಲ. ನಿನ್ನೆ ನಲ್ಲಿ ನೀರು ಹೆಪ್ಪುಗಟ್ಟಿತ್ತು, ಇವತ್ತು ಮಧ್ಯಾಹ್ನ ಜನ ಚಡ್ಡಿ ಹಾಕಿಕೊಂಡು ನಾಯಿ ತಿರುಗಿಸುತ್ತಿದ್ದರು. ಪಕ್ಕದ ಮನೆಯ ಕೃಷ್ಣವೇಣಿ ಬಂದು ಬಾಗಿಲು ಬಡಿದಳು.

"ನಿಮ್ಮ ಗ್ಯಾರೇಜಿನ ಗಾಜಲ್ಲಿ ಇಣುಕಿದೆ ಕಣ್ರೀ. ಒಳಗೆಲ್ಲಾ ಕೆಂಪು ಬೆಳಕು. ಯಾರೋ ಸೀರೆ ಉಟ್ಕೊಂಡು ಕೂತಿದಾರೆ. ಸುಚೇತಾ ಊರಲ್ಲಿಲ್ಲ ಅಂದ್ರಲ್ಲ?"

"ಅಯ್ಯೋ, ಅದು ಗಿಡ!" ಎಂದು ನಗುತ್ತಾ ಜಯತೀರ್ಥ ಬಾಗಿಲು ತೆರೆದ. ನಗು ಅರ್ಧಕ್ಕೇ ನಿಂತಿತು. ಈ ಸೆಖೆಯಲ್ಲೂ ದೀಪ ಉರಿಯುತ್ತಿತ್ತು. ಕೆಂಪು ಬೆಳಕಿನಲ್ಲಿ ಸೀರೆ ಹೊದ್ದ ಆಕಾರ ನಿಧಾನವಾಗಿ ತಲೆಯಾಡಿಸಿತು. ಬೋರ್ಡಿಗೆ ಜೋಡಿಸಿದ್ದ ಲ್ಯಾಪ್‌ಟಾಪಿನಲ್ಲಿ ಮೂಡಿದ್ದು ಸೊನ್ನೆ ಡಿಗ್ರಿ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಪರದೆ ಮತ್ತೆ ಸೊನ್ನೆ ಅಂದಿತು. ಸೆನ್ಸರಿಗೆ ಹೇರ್ ಡ್ರೈಯರ್ ಹಿಡಿದ. ಆಗಲೂ ಸೊನ್ನೆ.

ಕೃಷ್ಣವೇಣಿ ದನಿ ತಗ್ಗಿಸಿದಳು. "ಅದು ಇರೋ ಜಾಗ ಹೀಗೇ. ನಮಗೆ ಸೆಖೆ, ಅದಕ್ಕೆ ಥಂಡಿ. ನಿಮಗೆ ಈ ಮನೆ ಮಾರಿದ ಮುದುಕಿ ಆಮೇಲೆ ಎಲ್ಲಿಗೆ ಹೋದ್ಲು ಅಂತ ವಿಚಾರಿಸಿದ್ರಾ?"

ಜಯತೀರ್ಥ ವಿಚಾರಿಸಿರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದ.

ಸ್ವಲ್ಪ ಹೊತ್ತಿನಲ್ಲೇ ಕೃಷ್ಣವೇಣಿ ಎದುರುಮನೆಯ ಕುಮುದಾಳನ್ನು ಕರೆತಂದಳು. ಕುಮುದಾಳ ಕೈಯಲ್ಲಿ ನಿಂಬೆಹಣ್ಣು, ಕುಂಕುಮ, ದೊಡ್ಡದೊಂದು ಸ್ಟೀಲ್ ಡಬ್ಬಿ.

"ಡಬ್ಬಿ ಯಾಕೆ?"

"ಹಿಡಿದ ಮೇಲೆ ಎಲ್ಲಿ ಹಾಕೋದು? ನೀವು ಹೊರಗೆ, ಆ ಕಡೆ ತಿರುಗಿ ನಿಂತ್ಕೊಳ್ಳಿ. ಏನೇ ಸದ್ದಾದ್ರೂ ನೋಡಬಾರದು," ಎಂದಳು ಕುಮುದಾ.

ಗ್ಯಾರೇಜಿನ ಬಾಗಿಲು ಇಳಿಯಿತು. ಒಳಗೆ ಪಿಸುಮಾತು, ಸೀರೆಯ ಸರಸರ, ಆಮೇಲೆ ಚಟ್, ಚಟ್, ಚಟ್ ಎಂದು ಏನೋ ಮುರಿಯುವ ಸದ್ದು. ಜಯತೀರ್ಥ ಕಣ್ಣುಮುಚ್ಚಿ ಗೊತ್ತಿದ್ದ ದೇವರನ್ನೆಲ್ಲ ನೆನೆದ. ಕೊನೆಗೆ ಇಬ್ಬರೂ ಡಬ್ಬಿಯ ಮುಚ್ಚಳ ಒತ್ತಿ ಹಿಡಿದು ಹೊರಬಂದರು.

"ಕಟ್ಟು ಹರ್ಕೊಂಡು ಒದ್ದಾಡ್ತು. ನಾಳೆವರೆಗೂ ಸೀರೆ ಬಿಚ್ಚಬೇಡಿ," ಎಂದು ಕೃಷ್ಣವೇಣಿ ಸರಸರನೆ ನಡೆದಳು.

ಜಯತೀರ್ಥ ಒಳಗೆ ಬಂದು ನೋಡಿದರೆ ಪರದೆಯಲ್ಲಿ ಇನ್ನೂ ಸೊನ್ನೆ! ಹಾಗಾದರೆ ಅದು ಹೋಗಿಲ್ಲ. ಬೆನ್ನ ಹಿಂದೆ ಸೀರೆ ಮತ್ತೆ ಅಲುಗಿತು. ಪ್ರೋಗ್ರಾಮಿನಲ್ಲೇ ತಪ್ಪಿದೆಯೇನೋ ಎಂದು ಮೂರನೇ ಪಾಠ ತೆರೆದವನಿಗೆ ಮೊದಲ ಸಾಲಿನಲ್ಲೇ ಉತ್ತರ ಸಿಕ್ಕಿತು. ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಾಂಶ ಉದುರಿಹೋಗುತ್ತದೆ. ಐದನ್ನು ಒಂಬತ್ತರಿಂದ ಭಾಗಿಸಿದರೆ ಸೊನ್ನೆ. ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆ. ಐದರ ಮುಂದೆ ಒಂದು ಚುಕ್ಕಿ, ಒಂದು ಸೊನ್ನೆ ಸೇರಿಸಿದ. ಇಪ್ಪತ್ತೇಳು ಡಿಗ್ರಿ! ದೀಪ ಆರಿತು. ಅವನು ಖುಷಿಯಿಂದ ಕೃಷ್ಣವೇಣಿಗೆ ಫೋನ್ ಮಾಡಿದ.

"ದೆವ್ವಾನೂ ಇಲ್ಲ, ಗಿವ್ವಾನೂ ಇಲ್ಲ! ಲೆಕ್ಕ ತಪ್ಪಿತ್ತು ಅಷ್ಟೇ!"

"ಸೀರೆ ಬಿಚ್ಚಿದ್ರಾ?" ಎಂದು ಕೇಳಿ ಫೋನ್ ಇಟ್ಟುಬಿಟ್ಟಳು.

ಜಯತೀರ್ಥ ಸೀರೆ ಎಳೆದ. ಒಳಗೆ ಬೋಳು ಕಡ್ಡಿಗಳು ಬಾಗಿಲಿನ ಗಾಳಿಗೆ ತಲೆಯಾಡಿಸುತ್ತಿದ್ದವು. ಚಟ್ ಚಟ್ ಸದ್ದಿನ ಅರ್ಥ ಆಗ ಹೊಳೆಯಿತು. ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಕಳ್ಳರನ್ನು ತಾನೇ ಒಳಗೆ ಬಿಟ್ಟೆ ಎಂದು ಯಾವ ಬಾಯಲ್ಲಿ ಹೇಳುವುದು? ಅದರ ಬದಲು ದೆವ್ವವೇ ವಾಸಿ. ಅದನ್ನೋ ಈಗಷ್ಟೇ ಕೈಯಾರೆ ಓಡಿಸಿದ್ದ. ಅವಸರದಲ್ಲಿ ಚುಕ್ಕಿ ಸೊನ್ನೆ ಅಳಿಸಿದ. ದೀಪ ಭಗ್ಗನೆ ಹೊತ್ತಿಕೊಂಡಿತು.

"ಸುಚಿ, ಒಳಗೆ ಬರಬೇಡ! ಇಲ್ಲಿ ಏನೋ ಇದೆ. ಎಲೆಯೆಲ್ಲ ತಿಂದುಬಿಟ್ಟಿದೆ. ನೋಡು, ಸೊನ್ನೆ ಡಿಗ್ರಿ!"

ಸುಚೇತಾ ಗಿಡ ನೋಡಿದಳು. ಅವಳ ಕಣ್ಣು ತುಂಬಿತು. ಆಮೇಲೆ ಪರದೆ ನೋಡಿ, ಬಗ್ಗಿ, ಒಂದು ಚುಕ್ಕಿ ಒಂದು ಸೊನ್ನೆ ಒತ್ತಿದಳು. ದೀಪ ಆರಿತು.

"ದೆವ್ವ ಹೋಯ್ತು. ಈಗ ಹೇಳಿ, ಎಲೆ ಎಲ್ಲಿ?"

ಅವನು ಬಾಯಿ ತೆರೆಯುವ ಮೊದಲೇ ಕೃಷ್ಣವೇಣಿ ಸ್ಟೀಲ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಡಬ್ಬಿಯಿಂದ ಚಿತ್ರಾನ್ನದ ಒಗ್ಗರಣೆ ಘಮಘಮಿಸುತ್ತಿತ್ತು.

"ಬಂದ್ಯಾ ಸುಚೇತಾ? ತಗೋ, ನಿಮ್ಮನೆ ಕರಿಬೇವಿಂದೇ. ನಿಮ್ಮ ಯಜಮಾನ್ರದ್ದು ಎಂಥ ಧಾರಾಳ ಮನಸ್ಸು ಕಣೇ! ತಾವೇ ಗ್ಯಾರೇಜ್ ತೆಗೆದುಕೊಟ್ಟು, ನಾವು ಕಿತ್ಕೊಳ್ಳೋವರೆಗೂ ಆ ಕಡೆ ತಿರುಗಿ ನಿಂತಿದ್ರು."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಚೇತಾ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಗ್ಯಾರೇಜಿನಲ್ಲಿ ಸರಿಯಾಗಿ ಇಪ್ಪತ್ತೇಳು ಡಿಗ್ರಿ ಇತ್ತು. ಜಯತೀರ್ಥ ಗಡಗಡ ನಡುಗುತ್ತಿದ್ದ.